ಮಳೆಯಲ್ಲಿ ನಿಂತು ಕಪ್ ಪಡೆದ ಪಾಪ್ವಾ

ಗಾಲ್ಫ್ ಎಂದರೆ ಸಾಹುಕಾರರ ಆಟ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಎಕರೆಗಟ್ಟಲೆ ಹುಲ್ಲುಹಾಸು, ದುಬಾರಿ ಕ್ಲಬ್ಬಿನ ಸದಸ್ಯತ್ವ, ಆಡುವವರ ಹಿಂದೆ ಚೀಲ ಹೊತ್ತು ನಡೆಯಲು ಒಬ್ಬ ಆಳು. ಈ ಆಳಿಗೆ ಕ್ಯಾಡಿ ಎನ್ನುತ್ತಾರೆ. ಆದರೆ ಚೀಲ ಹೊತ್ತ ಹುಡುಗನೇ ಮುಂದೊಂದು ದಿನ ಚಾಂಪಿಯನ್ ಆದದ್ದೂ ಈ ಆಟದಲ್ಲಿ ಉಂಟು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ದೆಹಲಿಯ ಅಲಿ ಶೇರ್, 2009ರಲ್ಲಿ ಅದೇ ಪಂದ್ಯಾವಳಿ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಇಬ್ಬರೂ ಕ್ಯಾಡಿಗಳಾಗಿದ್ದವರೇ.

ಇವರಿಗಿಂತ ಎಷ್ಟೋ ಮೊದಲು ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ಭಾರತೀಯ ಮೂಲದ ಒಬ್ಬ ಕ್ಯಾಡಿ ಇದ್ದರು. ಅವರು ಯುರೋಪಿಗೆ ಹೋಗಿ ಮೂರು ಸಲ ಡಚ್ ಓಪನ್ ಗೆದ್ದು ಬಂದರು. ಸ್ವಂತ ಊರಿನಲ್ಲಿ ವಿಶ್ವವಿಖ್ಯಾತ ಆಟಗಾರನನ್ನೇ ಸೋಲಿಸಿದರು. ಕೊನೆಗೆ, ಗೆಲ್ಲುತ್ತಿದ್ದ ಕಾಲದಲ್ಲೇ ಆಟದಿಂದ ಹೊರದೂಡಲ್ಪಟ್ಟರು. ಅವರೇ ಸೆವ್‌ಸಂಕರ್ ಸೆವ್‌ಗೋಲಂ. ಜನ ಕರೆದದ್ದು ಪಾಪ್ವಾ ಎಂದು.

ಕರಾರು ಕೂಲಿಗಳ ಕುಡಿ

ಇಂಗ್ಲಿಷಿನಲ್ಲಿ ವಿಚಿತ್ರವಾಗಿ ಬರೆಯಲಾಗುವ ಆ ಹೆಸರು ನಮ್ಮ ಕಿವಿಗೆ ಶಿವಶಂಕರ ಎಂದೇ ಕೇಳಿಸುತ್ತದೆ. ಅದರ ಹಿಂದೆ ಒಂದು ಚರಿತ್ರೆಯೇ ಇದೆ. ನಟಾಲ್ ಆಗ ಬ್ರಿಟಿಷರ ವಸಾಹತು. ಅಲ್ಲಿನ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾಗಿದ್ದರು. 1860ರಲ್ಲಿ ಮದ್ರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಮೊದಲ ತಂಡವನ್ನು ಡರ್ಬನ್‌ನಲ್ಲಿ ಇಳಿಸಿತು. ಅಲ್ಲಿಂದ 1911ರವರೆಗೆ ಮದ್ರಾಸ್ ಮತ್ತು ಕಲ್ಕತ್ತಾ ಬಂದರುಗಳ ಮೂಲಕ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕರಾರು ಕೂಲಿಗಳಾಗಿ ಹೋದರು. ಕರಾರು ಮುಗಿದ ಮೇಲೂ ಬಹಳಷ್ಟು ಮಂದಿ ಊರಿಗೆ ಮರಳದೆ ಅಲ್ಲಿಯೇ ನೆಲೆಸಿದರು.

ಇಂಥ ಒಂದು ಬಡ ಕುಟುಂಬದಲ್ಲಿ, 1920ರ ದಶಕದ ಕೊನೆಯ ಹೊತ್ತಿಗೆ ಪಾಪ್ವಾ ಹುಟ್ಟಿದರು. ಓದು ಬರಹ ಕಲಿಯುವ ಭಾಗ್ಯ ಅವರಿಗೆ ಬರಲಿಲ್ಲ. ಮನೆಯ ಒಲೆ ಉರಿಯಲು ಎಳೆಯ ವಯಸ್ಸಿನಲ್ಲೇ ದುಡಿಯಬೇಕಿತ್ತು. ಡರ್ಬನ್‌ನ ಬೀಚ್‌ವುಡ್ ಗಾಲ್ಫ್ ಕ್ಲಬ್ಬಿನಲ್ಲಿ ಬಿಳಿಯರ ಚೀಲ ಹೊರುವ ಕೆಲಸ ಸಿಕ್ಕಿತು. ಮರದಿಂದ ಕಡಿದ ಕೋಲೇ ಅವರ ಮೊದಲ ಗಾಲ್ಫ್ ಕ್ಲಬ್. ದೊರೆಗಳು ಆಡುವುದನ್ನು ನೋಡುವುದು, ಬಿಡುವಿನಲ್ಲಿ ತಾನೂ ಹೊಡೆದು ನೋಡುವುದು, ಇಷ್ಟೇ ಅವರಿಗೆ ಸಿಕ್ಕ ತರಬೇತಿ.

ಉಲ್ಟಾ ಹಿಡಿತ

ಪಾಪ್ವಾ ಆಟದ ಬಗ್ಗೆ ಮಾತೆತ್ತಿದವರು ಅವರ ಹಿಡಿತದ ಬಗ್ಗೆ ಹೇಳದೆ ಬಿಡುವುದಿಲ್ಲ. ಬಲಗೈ ಆಟಗಾರ ಗಾಲ್ಫ್ ಕೋಲು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ ಇರುತ್ತದೆ. ಕ್ರಿಕೆಟ್‌ನಲ್ಲಿ ಬ್ಯಾಟು ಹಿಡಿಯುವುದೂ ಹಾಗೆಯೇ. ಪಾಪ್ವಾ ಅವರದು ಇದಕ್ಕೆ ತದ್ವಿರುದ್ಧ. ನಿಲ್ಲುವುದು ಬಲಗೈ ಆಟಗಾರನಂತೆ, ಆದರೆ ಬಲಗೈ ಮೇಲೆ, ಎಡಗೈ ಕೆಳಗೆ.

ಹೀಗೆ ಹಿಡಿದರೆ ಚೆಂಡು ದೂರ ಹೋಗುವುದಿಲ್ಲ, ದಿಕ್ಕೂ ತಪ್ಪುತ್ತದೆ ಎಂದು ಯಾವ ತರಬೇತುದಾರನಾದರೂ ಹೇಳಿ ಮೊದಲ ದಿನವೇ ತಿದ್ದಿಸುತ್ತಿದ್ದ. ಪಾಪ್ವಾ ಅವರಿಗೆ ತಿದ್ದುವವರು ಇರಲಿಲ್ಲ. ಕೈಗೆ ಒಗ್ಗಿದ್ದೇ ದಾರಿಯಾಯಿತು. ಗಾಲ್ಫ್‌ನಲ್ಲಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವನೇ ಗೆದ್ದ ಹಾಗೆ. ಹೇಗೆ ಹಿಡಿದೆ ಎಂದು ಕುಳಿ ಕೇಳುವುದಿಲ್ಲ. ಬಿಳಿಯರಲ್ಲದವರಿಗಾಗಿ ಪ್ರತ್ಯೇಕವಾಗಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಅವರು ಗೆಲ್ಲುತ್ತಾ ಹೋದರು. ಆ ಹಿಡಿತಕ್ಕೆ ಮುಂದೆ ಅವರ ಹೆಸರೇ ಅಂಟಿಕೊಂಡಿತು.

ಡಚ್ಚರ ನೆಲದಲ್ಲಿ ಜಯಭೇರಿ

1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದವೇ ಕಾನೂನಾಯಿತು. ಯಾರು ಎಲ್ಲಿ ವಾಸಿಸಬೇಕು, ಯಾವ ಬೆಂಚಿನ ಮೇಲೆ ಕೂರಬೇಕು, ಯಾವ ಬಾಗಿಲಿನಿಂದ ಒಳಹೋಗಬೇಕು ಎಂಬುದನ್ನೆಲ್ಲ ಮೈಬಣ್ಣ ತೀರ್ಮಾನಿಸುತ್ತಿತ್ತು. ಕ್ಯಾಡಿಯಾಗಿ ದಿನವಿಡೀ ನಡೆದಾಡಿದ ಹುಲ್ಲಿನ ಮೇಲೆ ಆಟಗಾರನಾಗಿ ಕಾಲಿಡಲು ಪಾಪ್ವಾ ಅವರಿಗೆ ಅನುಮತಿ ಬೇಕಾಗಿತ್ತು.

ಆಗ ನೆರವಿಗೆ ಬಂದವರು ಗ್ರಹಾಂ ವುಲ್ಫ್ ಎಂಬ ಬಿಳಿಯ ಉದ್ಯಮಿ. ಇಂದಿಗೂ ಅಂಗಡಿಗಳಲ್ಲಿ ಕಾಣಸಿಗುವ ಓಲೇ ಕ್ರೀಮಿನ ಮೂಲ ರೂಪವಾದ ಆಯಿಲ್ ಆಫ್ ಓಲೇಯನ್ನು ಡರ್ಬನ್‌ನಲ್ಲಿ ರೂಪಿಸಿದ ರಸಾಯನತಜ್ಞ ಇವರೇ. ಪಾಪ್ವಾ ಅವರ ಆಟಕ್ಕೆ ಮಾರುಹೋದ ವುಲ್ಫ್ 1959ರಲ್ಲಿ ತಮ್ಮ ಸ್ವಂತ ಸಣ್ಣ ವಿಮಾನದಲ್ಲಿ ಅವರನ್ನು ಯುರೋಪಿಗೆ ಕರೆದೊಯ್ದರು.

ಫಲ ಬರಲು ತಡವಾಗಲಿಲ್ಲ. ಅದೇ ವರ್ಷ ಪಾಪ್ವಾ ಡಚ್ ಓಪನ್ ಗೆದ್ದರು. ಓದಲು ಬಾರದ ಕ್ಯಾಡಿಯೊಬ್ಬ ಯುರೋಪಿನ ರಾಷ್ಟ್ರೀಯ ಚಾಂಪಿಯನ್ ಆದ ಸುದ್ದಿ ಡರ್ಬನ್‌ನ ಭಾರತೀಯರಲ್ಲಿ ಹಬ್ಬದ ಸಡಗರ ತಂದಿತು. 1960ರಲ್ಲಿ ಮತ್ತೆ ಗೆದ್ದರು. 1964ರಲ್ಲಿ ಮೂರನೆಯ ಸಲ. ವಿಪರ್ಯಾಸ ನೋಡಿ, ವರ್ಣಭೇದದ ಕಾನೂನು ತಂದ ಆಫ್ರಿಕಾನರ್ ಮುಖಂಡರು ಬಹುಪಾಲು ಡಚ್ ವಲಸಿಗರ ಸಂತತಿ. ಅವರ ಪೂರ್ವಜರ ನಾಡು ಚಾಂಪಿಯನ್ ಎಂದು ಮೆರೆಸಿದ ಮನುಷ್ಯನಿಗೆ ಅವರು ಬಾಗಿಲು ತೆರೆಯಲಿಲ್ಲ.

1963ರ ಆ ದಿನ

ಡರ್ಬನ್ ಕಂಟ್ರಿ ಕ್ಲಬ್ ದಕ್ಷಿಣ ಆಫ್ರಿಕಾದ ಅತ್ಯಂತ ಪ್ರತಿಷ್ಠಿತ ಗಾಲ್ಫ್ ಅಂಗಳಗಳಲ್ಲೊಂದು. 1963ರಲ್ಲಿ ಅಲ್ಲಿ ನಡೆದ ನಟಾಲ್ ಓಪನ್‌ಗೆ ಪಾಪ್ವಾ ಅವರಿಗೆ ಆಡಲು ಅನುಮತಿ ಸಿಕ್ಕಿತು. ಆದರೆ ಅನುಮತಿ ಅಂಗಳಕ್ಕೆ ಮಾತ್ರ. ಕ್ಲಬ್ಬಿನ ಕಟ್ಟಡದೊಳಗೆ, ಅಂದರೆ ಬಟ್ಟೆ ಬದಲಿಸುವ ಕೋಣೆಗೆ, ಊಟದ ಮನೆಗೆ, ಅವರು ಹೋಗುವಂತಿರಲಿಲ್ಲ.

ಆ ಪಂದ್ಯಾವಳಿಯನ್ನು ಪಾಪ್ವಾ ಗೆದ್ದುಬಿಟ್ಟರು. ಈಗ ಸಂಘಟಕರಿಗೆ ಸಂಕಟ. ಬಹುಮಾನ ವಿತರಣೆ ಕಟ್ಟಡದ ಒಳಗೆ ನಡೆದರೆ ಕಾನೂನು ಮುರಿದಂತೆ. ಹೊರಗೆ ಮಳೆ. ಕೊನೆಗೆ ಸೋತವರು ಒಳಗೆ ಬೆಚ್ಚಗಿದ್ದರು, ಗೆದ್ದವರು ಹೊರಗೆ ಮಳೆಯಲ್ಲಿ ನೆನೆಯುತ್ತಾ ಕಪ್ ಪಡೆದರು.

ಆ ದೃಶ್ಯದ ಚಿತ್ರ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂತು. ವರ್ಣಭೇದ ಎಂದರೇನು ಎಂದು ವಿವರಿಸಲು ಉದ್ದುದ್ದ ಭಾಷಣ ಬೇಕಾಗಲಿಲ್ಲ, ಆ ಒಂದು ಚಿತ್ರ ಸಾಕಾಯಿತು. ದಕ್ಷಿಣ ಆಫ್ರಿಕಾವನ್ನು ಕ್ರೀಡೆಯಿಂದ ದೂರವಿಡಬೇಕೆಂಬ ಕೂಗಿಗೆ ಬಲ ಬಂತು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಆ ದೇಶಕ್ಕೆ ಪ್ರವೇಶ ಸಿಗಲಿಲ್ಲ. 1970ರಲ್ಲಿ ಒಲಿಂಪಿಕ್ ಬಳಗದಿಂದಲೇ ಅದು ಹೊರಬಿತ್ತು.

ಪಾಪ್ವಾ ಮಾತ್ರ ಆಡುತ್ತಲೇ ಇದ್ದರು. 1963ರಲ್ಲೇ ಇಂಗ್ಲೆಂಡಿನ ಲಿಥಮ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನಲ್ಲಿ ಜಂಟಿ 13ನೇ ಸ್ಥಾನ ಪಡೆದರು. ಆ ಸಲ ಗೆದ್ದವರು ನ್ಯೂಜಿಲೆಂಡಿನ ಬಾಬ್ ಚಾರ್ಲ್ಸ್, ಗಾಲ್ಫ್‌ನ ಪ್ರಮುಖ ಪ್ರಶಸ್ತಿಯೊಂದನ್ನು ಗೆದ್ದ ಮೊದಲ ಎಡಗೈ ಆಟಗಾರ. ಎಡಗೈಗೂ ಉಲ್ಟಾ ಹಿಡಿತಕ್ಕೂ ಅಲ್ಲಿ ಜಾಗವಿತ್ತು.

ಹೊಟ್ಟೆಯ ಮೇಲೆ ಹೊಡೆತ

1965ರ ನಟಾಲ್ ಓಪನ್ ಪಾಪ್ವಾ ಅವರ ಬದುಕಿನ ಶಿಖರ. ಈ ಬಾರಿ ಎದುರಾಳಿ ಗ್ಯಾರಿ ಪ್ಲೇಯರ್, ಅದೇ ದೇಶದ ಬಿಳಿಯ ಆಟಗಾರ. ಪಾಪ್ವಾ ಡಚ್ ಓಪನ್ ಗೆದ್ದ 1959ರಲ್ಲೇ ಪ್ಲೇಯರ್ ಬ್ರಿಟಿಷ್ ಓಪನ್ ಗೆದ್ದಿದ್ದರು. ನಂತರ ಅಮೆರಿಕದಲ್ಲೂ ದೊಡ್ಡ ಪ್ರಶಸ್ತಿಗಳನ್ನು ಬಾಚಿಕೊಂಡಿದ್ದರು. ಅಂಥವರನ್ನು ಪಾಪ್ವಾ ಹಿಂದಿಕ್ಕಿ ನಟಾಲ್ ಓಪನ್ ಅನ್ನು ಮತ್ತೊಮ್ಮೆ ಗೆದ್ದರು. ಪ್ಲೇಯರ್ ಅದೇ ವರ್ಷ ಯು.ಎಸ್. ಓಪನ್ ಕೂಡ ಗೆದ್ದರು ಎಂದರೆ ಪಾಪ್ವಾ ಮಣಿಸಿದ್ದು ಎಂಥ ಆಟಗಾರನನ್ನು ಎಂಬುದು ತಿಳಿಯುತ್ತದೆ.

ಒಂದು ಸಲ ಗೆದ್ದರೆ ಅದೃಷ್ಟ ಎನ್ನಬಹುದಿತ್ತು. ಎರಡನೆಯ ಸಲ, ಅದೂ ಪ್ಲೇಯರ್ ಎದುರು ಗೆದ್ದರೆ ಏನೆನ್ನುವುದು? ಬಿಳಿಯರೇ ಶ್ರೇಷ್ಠರು ಎಂಬ ನಂಬಿಕೆಯ ಮೇಲೆ ನಿಂತ ಸರ್ಕಾರಕ್ಕೆ ಇದು ನುಂಗಲಾರದ ತುತ್ತಾಯಿತು. 1966ರಿಂದ ಬಿಳಿಯರ ಪಂದ್ಯಗಳಲ್ಲಿ ಆಡಲು ಪಾಪ್ವಾ ಅವರಿಗೆ ಪರವಾನಗಿ ನಿಂತಿತು. ಪ್ರೇಕ್ಷಕನಾಗಿ ಹೋಗುವುದಕ್ಕೂ ತಡೆ. ಪಾಸ್‌ಪೋರ್ಟ್ ಕೂಡ ಕೈತಪ್ಪಿದ್ದರಿಂದ ಹೊರದೇಶಕ್ಕೆ ಹೋಗಿ ಆಡುವ ದಾರಿಯೂ ಮುಚ್ಚಿತು.

ಪಾಪ್ವಾ ಎಂದರೆ ಎಲ್ಲರಿಗೂ ನೆನಪಾಗುವುದು ಆ ಮಳೆ. ಆದರೆ ಮಳೆ ಒಂದು ದಿನದ್ದು. ಅಂದು ಅವಮಾನವಾಯಿತು, ಕಪ್ ಮಾತ್ರ ಮನೆಗೆ ಬಂತು. ನಿಜವಾದ ಪೆಟ್ಟು ಬಿದ್ದದ್ದು 1966ರಲ್ಲಿ. ಅದರ ಚಿತ್ರ ಯಾವ ಪತ್ರಿಕೆಯಲ್ಲೂ ಬರುವಂಥದ್ದಲ್ಲ. ವೃತ್ತಿಪರ ಆಟಗಾರನಿಗೆ ಪಂದ್ಯವೇ ಹೊಲ, ಬಹುಮಾನವೇ ಬೆಳೆ. ಹೊಲಕ್ಕೆ ಬೇಲಿ ಹಾಕಿದರೆ ರೈತ ಏನು ಮಾಡಬೇಕು? ಅಕ್ಷರ ಬಾರದ, ಬೇರೆ ಕಸುಬು ತಿಳಿಯದ ಪಾಪ್ವಾ ಅವರಿಗೆ ಆ ಕೋಲಿನ ಹೊರತು ಬೇರೆ ಆಸ್ತಿ ಇರಲಿಲ್ಲ. ಗಾಲ್ಫ್‌ನಲ್ಲಿ ನಲವತ್ತರ ಆಸುಪಾಸಿನವರೂ ಚೆನ್ನಾಗಿಯೇ ಆಡುತ್ತಾರೆ. ಹೆಸರು ಮಾಡಿ ಹಣ ಗಳಿಸಬಹುದಾಗಿದ್ದ ಆ ವರ್ಷಗಳು ವ್ಯರ್ಥವಾದವು. ಪ್ಲೇಯರ್ ವಿಮಾನದಲ್ಲಿ ಜಗತ್ತು ಸುತ್ತುತ್ತಾ ಒಟ್ಟು 9 ಪ್ರಮುಖ ಪ್ರಶಸ್ತಿಗಳವರೆಗೆ ಹೋದರು. ಅವರನ್ನು ಸೋಲಿಸಿದವರು ಡರ್ಬನ್‌ನಲ್ಲಿ ಬಡತನದಲ್ಲಿ ದಿನ ನೂಕಿದರು.

1978ರಲ್ಲಿ ಹೃದಯಾಘಾತದಿಂದ ಪಾಪ್ವಾ ತೀರಿಕೊಂಡರು. ಆಗ ಅವರಿಗೆ ಐವತ್ತರ ಆಸುಪಾಸು. ನಿಷೇಧ ಬಿದ್ದು ಹನ್ನೆರಡು ವರ್ಷಗಳಾಗಿದ್ದವು.

ಹೆಸರು ಉಳಿಯಿತು

ಅವರು ಸತ್ತು ಹದಿನಾರು ವರ್ಷಗಳ ಮೇಲೆ, 1994ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಎಲ್ಲ ಬಣ್ಣದವರೂ ಮತ ಹಾಕಿದರು. ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. ಕಲೆ, ಕ್ರೀಡೆಗಳಲ್ಲಿ ಸಾಧನೆ ಮಾಡಿದವರಿಗೆ ಕೊಡುವ ಆರ್ಡರ್ ಆಫ್ ಇಖಾಮಂಗಾ ಗೌರವವನ್ನು ಹೊಸ ಸರ್ಕಾರ ಪಾಪ್ವಾ ಅವರಿಗೆ ಮರಣೋತ್ತರವಾಗಿ ನೀಡಿತು. ಅವರ ಜೀವನಚರಿತ್ರೆಗಳೂ ಬಂದಿವೆ.

ಗೌರವ ಬಂತು, ಆದರೆ ಪಡೆಯಬೇಕಾದವರು ಇರಲಿಲ್ಲ. ಇದ್ದಾಗ ಕಿತ್ತುಕೊಂಡ ಅನ್ನವನ್ನು ಹೋದ ಮೇಲೆ ಕೊಟ್ಟ ಪದಕ ತುಂಬಿಕೊಡಲಾರದು. ಆದರೂ ಡರ್ಬನ್‌ನ ರಿಸರ್ವಾಯರ್ ಹಿಲ್ಸ್ ಬಡಾವಣೆಯಲ್ಲಿ ಒಂದು ಗಾಲ್ಫ್ ಅಂಗಳ ಪಾಪ್ವಾ ಸೆವ್‌ಗೋಲಂ ಹೆಸರು ಹೊತ್ತಿದೆ. ಅದು ನಗರಸಭೆಯದು, ಸಾಹುಕಾರರ ಕ್ಲಬ್ಬಿನದಲ್ಲ. ಕಬ್ಬಿನ ಕೂಲಿಗಳ ಮರಿಮಕ್ಕಳು ಅಲ್ಲಿ ಯಾರ ಅಪ್ಪಣೆಯನ್ನೂ ಬೇಡದೆ ಆಡಬಹುದು.