ಲಿಂಕನ್ ಹಾಕಿದ ಲೆಕ್ಕ ಮತ್ತು ನಮ್ಮ ಎರೆಹೊಲದ ಹತ್ತಿ

1862ರ ಮಾರ್ಚ್ 14ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ತನ್ನ ದೇಶದ ಒಬ್ಬ ಸೆನೆಟರ್‌ಗೆ ಪತ್ರ ಬರೆದ. ಪತ್ರ ಅನ್ನೋದಕ್ಕಿಂತ ಅದನ್ನು ಲೆಕ್ಕದ ಚೀಟಿ ಅನ್ನಬಹುದು. ಡೆಲವೇರ್ ಎಂಬ ಪುಟ್ಟ ರಾಜ್ಯದಲ್ಲಿ ಇರೋದು 1,798 ಗುಲಾಮರು. ತಲೆಗೆ 400 ಡಾಲರ್‌ನಂತೆ ಮಾಲೀಕರಿಗೆ ಪರಿಹಾರ ಕೊಟ್ಟರೆ 7,19,200 ಡಾಲರ್ ಆಗುತ್ತೆ. ದಕ್ಷಿಣದ ರಾಜ್ಯಗಳ ವಿರುದ್ಧ ನಡೆಯುತ್ತಿದ್ದ ಯುದ್ಧಕ್ಕೆ ಸರ್ಕಾರ ದಿನವೊಂದಕ್ಕೆ ಸುರಿಯುತ್ತಿದ್ದದ್ದು 20 ಲಕ್ಷ ಡಾಲರ್. ಅಂದರೆ ಅರ್ಧ ದಿನದ ಯುದ್ಧದ ಖರ್ಚಿನಲ್ಲಿ ಒಂದು ಇಡೀ ರಾಜ್ಯದ ಗುಲಾಮರನ್ನೆಲ್ಲ ಬಿಡಿಸಬಹುದಿತ್ತು. ಒಕ್ಕೂಟದಲ್ಲೇ ಉಳಿದಿದ್ದ ನಾಲ್ಕು ಗುಲಾಮಗಿರಿ ರಾಜ್ಯಗಳು ಮತ್ತು ರಾಜಧಾನಿಯನ್ನು ಸೇರಿಸಿದರೂ 87 ದಿನದ ಖರ್ಚು ಸಾಕು ಅಂತ ಲಿಂಕನ್ ಕೂಡಿಸಿ ತೋರಿಸಿದ್ದ.

ಲೆಕ್ಕ ಸರಿಯಾಗೇ ಇತ್ತು. ಆದರೆ ಡೆಲವೇರ್ ಒಪ್ಪಲಿಲ್ಲ. ಉಳಿದ ಮೂರು ರಾಜ್ಯಗಳೂ ಒಪ್ಪಲಿಲ್ಲ. ಯುದ್ಧ ಇನ್ನೂ ಮೂರು ವರ್ಷ ನಡೆಯಿತು.

ಲಿಂಕನ್ ಅಂದ ಕೂಡಲೇ ನಮ್ಮ ಶಾಲೆಯ ಪುಸ್ತಕಗಳು ಬೀದಿದೀಪದ ಕೆಳಗೆ ಓದಿ ದೊಡ್ಡವನಾದವರ ಸಾಲಿಗೆ ಅವನನ್ನೂ ಸೇರಿಸಿಬಿಡುತ್ತವೆ. ಬಡ ಹುಡುಗ ಅಧ್ಯಕ್ಷನಾದ, ಗುಲಾಮರನ್ನು ಬಿಡಿಸಿದ, ಗುಂಡಿಗೆ ಬಲಿಯಾದ. ಮೂರು ವಾಕ್ಯಕ್ಕೆ ಕಥೆ ಮುಗೀತು. ಆದರೆ ಈ ಮನುಷ್ಯನ ಬದುಕು ಕುಕನೂರಿನ ಎರೆಹೊಲಕ್ಕೂ ಗದಗಿನ ಹತ್ತಿ ಪೇಟೆಗೂ ಹೆಣೆದುಕೊಂಡಿದೆ. ಆ ಎಳೆ ಹಿಡಿದು ನೋಡಿದರೆ ಕಾಣೋದು ಸಂತನ ಕಥೆಯಲ್ಲ, ಮುಂದೂಡುತ್ತಾ ಹೋದ ಒಂದು ಬಾಕಿಯ ಕಥೆ.

ನ್ಯೂ ಆರ್ಲಿಯನ್ಸ್‌ನ ಬೀಜ

ಲಿಂಕನ್ ಹುಟ್ಟಿದ್ದು 1809ರ ಫೆಬ್ರುವರಿ 12ರಂದು, ಕೆಂಟಕಿಯ ಒಂದು ಮರದ ದಿಮ್ಮಿಯ ಗುಡಿಸಲಲ್ಲಿ. ಕೆಂಟಕಿ ಗುಲಾಮಗಿರಿ ಇದ್ದ ರಾಜ್ಯ. ಏಳು ವರ್ಷದವನಿದ್ದಾಗ ಮನೆಯವರು ಇಂಡಿಯಾನಾಕ್ಕೆ ಗುಳೆ ಹೋದರು. ಒಂಬತ್ತಕ್ಕೆ ತಾಯಿ ತೀರಿಕೊಂಡಳು. ಮಲತಾಯಿ ಸಾರಾ ಕೈಗೆ ಪುಸ್ತಕ ಕೊಟ್ಟು ಬೆಳೆಸಿದಳು. ಶಾಲೆಯಲ್ಲಿ ಕೂತದ್ದನ್ನೆಲ್ಲ ಕೂಡಿಸಿದರೂ ಒಂದು ವರ್ಷ ಆಗುವುದಿಲ್ಲ. ಮರ ಕಡಿದ, ಬೇಲಿ ಹಾಕಿದ, ಅಂಗಡಿ ನಡೆಸಿ ಸಾಲಕ್ಕೆ ಬಿದ್ದ.

1828ರಲ್ಲಿ, ಮತ್ತೆ 1831ರಲ್ಲಿ, ಸರಕು ತುಂಬಿದ ಚಪ್ಪಟೆ ದೋಣಿ ನಡೆಸಿಕೊಂಡು ಮಿಸಿಸಿಪ್ಪಿ ನದಿಯಲ್ಲಿ ನ್ಯೂ ಆರ್ಲಿಯನ್ಸ್‌ವರೆಗೆ ಹೋಗಿ ಬಂದ. ಅಮೆರಿಕದಲ್ಲೇ ಅತಿ ದೊಡ್ಡ ಗುಲಾಮರ ಪೇಟೆ ಆ ಊರಲ್ಲಿತ್ತು. ಹತ್ತಿಯ ಬೇಲುಗಳು ಹಡಗು ಹತ್ತುತ್ತಿದ್ದ ಊರಲ್ಲೇ ಮನುಷ್ಯರು ಹರಾಜಾಗುತ್ತಿದ್ದರು.

ಎರಡೂ ವ್ಯಾಪಾರ ಒಂದೇ ಊರಲ್ಲಿ ನಡೆದದ್ದು ಆಕಸ್ಮಿಕವಲ್ಲ. 1790ರ ದಶಕದಲ್ಲಿ ಎಲೈ ವಿಟ್ನಿ ಎಂಬಾತ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಯಂತ್ರ ಮಾಡಿದ. ಎಂಜಿನಿಯರಿಂಗ್ ಓದಿದವರು ಈ ಯಂತ್ರವನ್ನು ಮರೆಯಬಾರದು. ಯಂತ್ರ ಬಂದರೆ ದುಡಿಮೆ ಹಗುರಾಗುತ್ತೆ ಅಂತ ನಾವು ನಂಬುತ್ತೇವೆ. ಇಲ್ಲಿ ಆದದ್ದು ಉಲ್ಟಾ. ಬೀಜ ಬಿಡಿಸೋದು ಸುಲಭವಾಯಿತು, ಹತ್ತಿ ಲಾಭದ ಬೆಳೆಯಾಯಿತು, ಬೆಳೆಯೋಕೆ ಬಿಡಿಸೋಕೆ ಇನ್ನಷ್ಟು ಕೈಗಳು ಬೇಕಾದವು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ ಸುಮಾರು 40 ಲಕ್ಷ.

ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಮುಕ್ಕಾಲು ಪಾಲು ಹತ್ತಿ ಅಲ್ಲಿಂದಲೇ ಹೋಗುತ್ತಿತ್ತು. ಒಂದೇ ದೇಶವನ್ನು ನೆಚ್ಚಿಕೊಂಡರೆ ಕಷ್ಟ ಅಂತ ಬ್ರಿಟಿಷರು ಬೇರೆ ನೆಲ ಹುಡುಕಿದರು. ಹಾಗೆ 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಹತ್ತಿ ಬೀಜ ಬಂತು, ಅದನ್ನು ಬಿಡಿಸುವ ಗರಗಸದ ಜಿನ್ನೂ ಬಂತು. ಹುಬ್ಬಳ್ಳಿ, ಗದಗದ ಎರೆಮಣ್ಣಿಗೆ ಅದು ಒಗ್ಗಿತು. ಆ ತಳಿಯ ಹೆಸರು ನ್ಯೂ ಆರ್ಲಿಯನ್ಸ್. ದೋಣಿಯ ಹುಡುಗ ಎರಡು ಸಲ ಹೋಗಿ ಬಂದ ಊರಿನ ಹೆಸರನ್ನು ಹೊತ್ತ ಬೀಜ ನಮ್ಮ ಕೂರಿಗೆಯ ತಾಳಿಗೆ ಬಿದ್ದಿತ್ತು.

ಮೆಲ್ಲಗೆ ಬದಲಾದ ಮನುಷ್ಯ

ಲಿಂಕನ್ ಸ್ವಂತ ಓದಿನಿಂದ ವಕೀಲನಾದ. 1837ರಿಂದ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಕೀಲಿ, ಜೊತೆಗೆ ರಾಜ್ಯದ ಶಾಸಕ, ಆಮೇಲೆ ಒಂದು ಅವಧಿಗೆ ಸಂಸತ್ತಿನ ಸದಸ್ಯ. ಆಳವಿಲ್ಲದ ನೀರಲ್ಲಿ ಸಿಕ್ಕಿಕೊಂಡ ದೋಣಿಯನ್ನು ಎತ್ತುವ ಸಾಧನಕ್ಕೆ 1849ರಲ್ಲಿ ಪೇಟೆಂಟ್ ಕೂಡ ಪಡೆದ. ಪೇಟೆಂಟ್ ಇರುವ ಅಮೆರಿಕದ ಅಧ್ಯಕ್ಷ ಈತನೊಬ್ಬನೇ.

1841ರಲ್ಲಿ ಓಹಾಯೋ ನದಿಯ ಹಡಗಿನಲ್ಲಿ ಹನ್ನೆರಡು ಗುಲಾಮರನ್ನು ಸರಪಳಿಗೆ ಕಟ್ಟಿ ಒಯ್ಯುವುದನ್ನು ಕಂಡ. ಆಗ ಬರೆದ ಪತ್ರದಲ್ಲಿ, ಅಂಥ ಸ್ಥಿತಿಯಲ್ಲೂ ಅವರು ನಗುನಗುತ್ತಾ ಇದ್ದರಲ್ಲ ಅಂತ ಅಚ್ಚರಿಪಟ್ಟಿದ್ದ. ಹದಿನಾಲ್ಕು ವರ್ಷದ ಮೇಲೆ ಅದೇ ದೃಶ್ಯವನ್ನು ನೆನೆದು, ಅದು ತನ್ನನ್ನು ಇವತ್ತಿಗೂ ಹಿಂಸಿಸುತ್ತಿದೆ ಅಂತ ಗೆಳೆಯನಿಗೆ ಬರೆದ. ಕಂಡದ್ದು ಒಂದೇ ನೋಟ. ಬದಲಾಗಿದ್ದು ನೋಡುವ ಕಣ್ಣು.

ಆದರೂ ಆತ ಗುಲಾಮಗಿರಿಯನ್ನು ಕೂಡಲೇ ಕಿತ್ತೊಗೆಯಬೇಕು ಅನ್ನುವ ಹೋರಾಟಗಾರನಾಗಿರಲಿಲ್ಲ. ಹೊಸ ಪ್ರದೇಶಗಳಿಗೆ ಅದು ಹಬ್ಬಬಾರದು, ಇದ್ದಲ್ಲೇ ಕಾಲಕ್ರಮದಲ್ಲಿ ಸಾಯಲಿ ಅನ್ನುವುದು ಅವನ ರಾಜಕೀಯ. 1858ರಲ್ಲಿ ಸೆನೆಟ್ ಚುನಾವಣೆ ಸೋತ. 1860ರಲ್ಲಿ, ನಾಲ್ವರು ಅಭ್ಯರ್ಥಿಗಳ ನಡುವೆ, ಶೇ 40ಕ್ಕಿಂತ ಕಡಿಮೆ ಮತ ಪಡೆದು ಅಧ್ಯಕ್ಷನಾದ. ಇಷ್ಟು ಮೆದು ಮಾತು ಕೂಡ ದಕ್ಷಿಣದ ಮಾಲೀಕರಿಗೆ ಸಹಿಸಲು ಆಗಲಿಲ್ಲ. ಆತ ಪ್ರಮಾಣವಚನ ತೆಗೆದುಕೊಳ್ಳುವ ಮುಂಚೆಯೇ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೋದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಇನ್ನೂ ನಾಲ್ಕು ರಾಜ್ಯಗಳು ಹೋದವು.

ಮೊದಲ ವರ್ಷ ಲಿಂಕನ್ ಹೇಳುತ್ತಿದ್ದದ್ದು ಇದು ಒಕ್ಕೂಟ ಉಳಿಸುವ ಯುದ್ಧ ಅಂತ ಮಾತ್ರ. ನಾಗರಿಕರ ಹಕ್ಕಿನ ರಕ್ಷಣೆಗಿದ್ದ ಹೇಬಿಯಸ್ ಕಾರ್ಪಸ್ ಅನ್ನು ಅಮಾನತಿನಲ್ಲಿಟ್ಟ. 1862ರ ಆಗಸ್ಟ್‌ನಲ್ಲಿ ಕಪ್ಪು ಜನರ ನಿಯೋಗವನ್ನು ಕರೆಸಿ, ನೀವು ದೇಶ ಬಿಟ್ಟು ಬೇರೆಡೆ ನೆಲೆಸೋದು ಒಳ್ಳೆಯದು ಅನ್ನೋ ಅರ್ಥದ ಮಾತಾಡಿದ. ಅದೇ ವರ್ಷದ ಕೊನೆಗೆ, ದಂಗೆಯೆದ್ದ 38 ಮಂದಿ ಡಕೋಟಾ ಮೂಲನಿವಾಸಿಗಳನ್ನು ಅವನ ಒಪ್ಪಿಗೆಯ ಮೇಲೆ ಒಂದೇ ದಿನ ಗಲ್ಲಿಗೇರಿಸಲಾಯಿತು. ಮುನ್ನೂರು ಜನರ ಪಟ್ಟಿಯಲ್ಲಿ ಹೆಚ್ಚಿನವರನ್ನು ಉಳಿಸಿದ್ದೂ ಅವನೇ. ಅವನನ್ನು ದೇವರು ಮಾಡುವವರು ಇವೆಲ್ಲವನ್ನೂ ಓದಬೇಕು. ಅವನನ್ನು ಬರೀ ರಾಜಕಾರಣಿ ಅನ್ನುವವರು ಮುಂದಿನದ್ದನ್ನೂ ಓದಬೇಕು.

ಅವನ ಕೈ ಹಿಡಿದು ಎಳೆದದ್ದು ಗುಲಾಮರೇ. ಸೈನ್ಯ ಹತ್ತಿರ ಬಂದಲ್ಲೆಲ್ಲ ತೋಟ ಬಿಟ್ಟು ಓಡಿ ಬಂದರು. ಬಂದವರನ್ನು ಮಾಲೀಕರಿಗೆ ವಾಪಸು ಕೊಡೋದಾ, ಇಟ್ಟುಕೊಳ್ಳೋದಾ ಎಂಬ ಪ್ರಶ್ನೆಗೆ ವಾಷಿಂಗ್ಟನ್ ಉತ್ತರ ಕೊಡಲೇಬೇಕಾಯಿತು. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್‌ನಲ್ಲಿ ಒಂದೇ ದಿನಕ್ಕೆ ಸುಮಾರು 23 ಸಾವಿರ ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಐದು ದಿನದ ಮೇಲೆ ಲಿಂಕನ್ ಎಚ್ಚರಿಕೆಯ ಆದೇಶ ಹೊರಡಿಸಿದ. 1863ರ ಜನವರಿ 1ರಂದು ವಿಮೋಚನಾ ಘೋಷಣೆಗೆ ಸಹಿ ಬಿತ್ತು. ಅದು ಬಂಡೆದ್ದ ಪ್ರದೇಶಗಳಿಗಷ್ಟೇ ಅನ್ವಯ. ಡೆಲವೇರ್‌ನ ಗುಲಾಮ ಅವತ್ತೂ ಗುಲಾಮನೇ. ಆದರೆ ಅದರಿಂದ ಕಪ್ಪು ಜನರಿಗೆ ಸೈನ್ಯದ ಬಾಗಿಲು ತೆರೆಯಿತು. ಸುಮಾರು 1 ಲಕ್ಷ 80 ಸಾವಿರ ಮಂದಿ ಸೇರಿದರು, ಹತ್ತಿರ ಹತ್ತಿರ 40 ಸಾವಿರ ಮಂದಿ ಸತ್ತರು. ಬಿಡುಗಡೆ ಅವರಿಗೆ ಯಾರೋ ಕೊಟ್ಟ ದಾನವಲ್ಲ.

ಗದಗಿನ ಸುಗ್ಗಿ

ಇತ್ತ ದಕ್ಷಿಣದ ಬಂದರುಗಳಿಗೆ ಲಿಂಕನ್‌ನ ನೌಕಾಪಡೆ ದಿಗ್ಬಂಧನ ಹಾಕಿತ್ತು. ಲ್ಯಾಂಕಶೈರ್ ಗಿರಣಿಗಳು ನಿಂತವು, ಲಕ್ಷಾಂತರ ಕಾರ್ಮಿಕರು ಉಪವಾಸ ಬಿದ್ದರು. ಅಷ್ಟಾದರೂ ಮ್ಯಾಂಚೆಸ್ಟರ್‌ನ ಕಾರ್ಮಿಕರು ಸಭೆ ಸೇರಿ ಲಿಂಕನ್‌ಗೆ ಬೆಂಬಲದ ಪತ್ರ ಕಳಿಸಿದರು. ಗಿರಣಿ ಮಾಲೀಕರು ಮಾತ್ರ ನಮ್ಮ ಕಡೆ ನೋಡಿದರು. ಲಿವರ್‌ಪೂಲ್ ಪೇಟೆಯಲ್ಲಿ ಭಾರತದ ಹತ್ತಿ ಬೆಲೆ ಮೂರು-ನಾಲ್ಕು ಪಟ್ಟು ಏರಿತು. ಧಾರವಾಡ ಸೀಮೆಯ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕಾಗಿ, ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಜಿಲ್ಲೆಯ ನಕ್ಷೆಯನ್ನೂ ಆ ಯುದ್ಧ ಬದಲಿಸಿತು.

ಆಗ ಗದಗ ಬ್ರಿಟಿಷರದ್ದು. ನಲವತ್ತು ಕಿಲೋಮೀಟರ್ ಆಸುಪಾಸಿನ ಕುಕನೂರು, ಯಲಬುರ್ಗಾ ನಿಜಾಮರ ಸೀಮೆ. ಗಡಿ ಬೇರೆ, ಎರೆಮಣ್ಣು ಒಂದೇ. ಈ ಕಡೆಯ ಎರೆಹೊಲಕ್ಕೂ ಹತ್ತಿರದ ದೊಡ್ಡ ಪ್ಯಾಟಿ ಗದಗವೇ. ಬೆಲೆ ಏರಿದಾಗ ಸಾಲ ಸಲೀಸು, ಹೊಲಕ್ಕೆ ಬೆಲೆ, ಸಾಹುಕಾರನಿಗೆ ಹಬ್ಬ. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂತು ನೋಡಿ, ಬೆಲೆ ಕುಸಿಯಿತು. ಹತ್ತಿಯ ಹಣದ ಮೇಲೆ ನಡೆದಿದ್ದ ಮುಂಬೈನ ಷೇರು ಹುಚ್ಚು ಅದೇ ಜುಲೈನಲ್ಲಿ ಒಡೆದುಹೋಯಿತು. ಹತ್ತು-ಹನ್ನೆರಡು ವರ್ಷದಲ್ಲಿ ಧಾತು ಸಂವತ್ಸರದ ಬರ ಇದೇ ಸೀಮೆಯನ್ನು ಹಿಂಡಿತು. ಹೊಲದಲ್ಲಿ ಹತ್ತಿ ಇದ್ದವನು ಲಂಡನ್ನಿನ ಬೆಲೆ ತಿನ್ನೋಕೆ ಆಗೋದಿಲ್ಲ.

ಬಿಟ್ಟುಹೋದ ಕಾಲಂ

ಲಿಂಕನ್ ಕೊನೆಯ ದಿನಗಳಿಗೆ ಬರೋಣ. ಶ್ವೇತಭವನದಲ್ಲೇ, 1862ರ ಫೆಬ್ರುವರಿಯಲ್ಲಿ, ಹನ್ನೊಂದು ವರ್ಷದ ಮಗ ವಿಲ್ಲಿ ಜ್ವರಕ್ಕೆ ತೀರಿಕೊಂಡಿದ್ದ. ಡೆಲವೇರ್ ಲೆಕ್ಕದ ಪತ್ರ ಬರೆದದ್ದು ಅದಾದ ಒಂದು ತಿಂಗಳೊಳಗೆ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್‌ನ ಮೂರು ದಿನದ ಕಾಳಗ ಸುಮಾರು 51 ಸಾವಿರ ಜನರ ಲೆಕ್ಕ ತೆಗೆದುಕೊಂಡಿತು. ಆ ತಿಂಗಳೇ ನ್ಯೂಯಾರ್ಕ್‌ನಲ್ಲಿ ಕಡ್ಡಾಯ ಸೈನ್ಯ ಭರ್ತಿಯ ವಿರುದ್ಧ ಗಲಭೆ ಎದ್ದಿತು. 300 ಡಾಲರ್ ಕಟ್ಟಿದವನು ಯುದ್ಧಕ್ಕೆ ಹೋಗಬೇಕಿರಲಿಲ್ಲ; ಬಡವನ ಸಿಟ್ಟು ಮಾತ್ರ ತನಗಿಂತ ಬಡವರಾದ ಕಪ್ಪು ಜನರ ಮೇಲೆ ತಿರುಗಿತು. 1864ರಲ್ಲಿ ಲಿಂಕನ್ ಮತ್ತೆ ಗೆದ್ದ. ಗುಲಾಮಗಿರಿ ರದ್ದು ಮಾಡುವ ಹದಿಮೂರನೇ ತಿದ್ದುಪಡಿಯನ್ನು 1865ರ ಜನವರಿ 31ರಂದು 119–56 ಮತಗಳಿಂದ ಕೆಳಮನೆಯಲ್ಲಿ ಗೆಲ್ಲಿಸಿಕೊಂಡ. ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದ. 11ರಂದು ಮಾಡಿದ ಭಾಷಣದಲ್ಲಿ ಕೆಲವು ಕಪ್ಪು ಜನರಿಗಾದರೂ ಮತದ ಹಕ್ಕು ಸಿಗಲಿ ಅಂದ. ಆ ಗುಂಪಿನಲ್ಲಿ ಜಾನ್ ವಿಲ್ಕಿಸ್ ಬೂತ್ ನಿಂತಿದ್ದ. 14ರ ರಾತ್ರಿ ನಾಟಕ ನೋಡುತ್ತಿದ್ದ ಲಿಂಕನ್ ತಲೆಗೆ ಹಿಂದಿನಿಂದ ಗುಂಡು ಹೊಡೆದ. ಮರುದಿನ ಬೆಳಿಗ್ಗೆ 7.22ಕ್ಕೆ ಪ್ರಾಣ ಹೋಯಿತು. ವಯಸ್ಸು 56.

ಈಗ ಆ ಲೆಕ್ಕದ ಚೀಟಿಗೆ ವಾಪಸು ಬರೋಣ. 39.5 ಲಕ್ಷ ಗುಲಾಮರಿಗೆ ತಲಾ 400 ಡಾಲರ್ ಅಂದರೆ 158 ಕೋಟಿ ಡಾಲರ್. ದಿನಕ್ಕೆ 20 ಲಕ್ಷದಂತೆ 790 ದಿನದ ಖರ್ಚು. ಯುದ್ಧ ನಡೆದದ್ದು ಸಮ್ಟರ್‌ನಿಂದ ಲೀ ಶರಣಾಗತಿಯವರೆಗೆ 1,458 ದಿನ. ಇದು ಒಂದು ಕಡೆಯ ಹಣದ ಲೆಕ್ಕ ಮಾತ್ರ. ಎರಡೂ ಕಡೆ ಸತ್ತ ಸೈನಿಕರು 6 ಲಕ್ಷ 20 ಸಾವಿರ ಅಂತ ಬಹುಕಾಲ ಹೇಳಿಕೊಂಡು ಬಂದಿದ್ದರು. ಈಚಿನ ಅಂದಾಜುಗಳು ಸುಮಾರು 7 ಲಕ್ಷ ಅಥವಾ ಅದಕ್ಕೂ ಹೆಚ್ಚು ಅನ್ನುತ್ತವೆ. ಗುಂಡಿಗಿಂತ ಕಾಯಿಲೆಗೆ ಸತ್ತವರೇ ಹೆಚ್ಚು.

ಹಾಗಾದರೆ ಮಾಲೀಕರು 400 ಡಾಲರ್ ಯಾಕೆ ಬೇಡ ಅಂದರು? ಬೆಲೆ ಕಡಿಮೆ ಅಂತ ಮಾತ್ರವಲ್ಲ. ಅವರು ಉಳಿಸಿಕೊಳ್ಳಲು ಹೊರಟದ್ದು ಆಸ್ತಿಯ ಜೊತೆಗೆ ಅಂತಸ್ತು. ಇನ್ನೊಬ್ಬನಿಗಿಂತ ತಾನು ಮೇಲು ಅನ್ನುವ ಭಾವನೆಗೆ ಪರಿಹಾರಧನ ನಿಗದಿ ಮಾಡೋದು ಹೇಗೆ?

ಆ ಚೀಟಿಯಲ್ಲಿ ಇನ್ನೊಂದು ಕೊರತೆ ಇದೆ. ಮಾಲೀಕನಿಗೆ ಎಷ್ಟು ಅಂತ ಒಂದು ಕಾಲಂ ಇದೆ, ಯುದ್ಧಕ್ಕೆ ಎಷ್ಟು ಅಂತ ಇನ್ನೊಂದು. ತಲೆಮಾರುಗಟ್ಟಲೆ ಕೂಲಿಯಿಲ್ಲದೆ ದುಡಿದವನಿಗೆ ಎಷ್ಟು ಅನ್ನುವ ಕಾಲಂ ಇಲ್ಲ. 1862ರಲ್ಲಿ ರಾಜಧಾನಿಯ ಗುಲಾಮರನ್ನು ಬಿಡಿಸಿದಾಗ ತಲಾ 300 ಡಾಲರ್‌ವರೆಗೆ ಹಣ ಹೋದದ್ದು ಮಾಲೀಕರ ಜೇಬಿಗೆ. ಯುದ್ಧದ ಕೊನೆಗೆ ಬಿಡುಗಡೆಯಾದವರಿಗೆ ಕೊಟ್ಟ ಕರಾವಳಿಯ ಭೂಮಿಯನ್ನು ಲಿಂಕನ್ ನಂತರದ ಅಧ್ಯಕ್ಷ ಅದೇ ವರ್ಷ ಹಳೇ ಮಾಲೀಕರಿಗೆ ಮರಳಿಸಿದ. ಮತದ ಹಕ್ಕು ಕಾಗದದ ಮೇಲೆ ಬಂದು ದಕ್ಷಿಣದಲ್ಲಿ ಕಾಣೆಯಾಯಿತು. ಅದು ಗಟ್ಟಿಯಾಗಲು 1965 ಬರಬೇಕಾಯಿತು. ಲಿಂಕನ್ ಸತ್ತು ಸರಿಯಾಗಿ ನೂರು ವರ್ಷ.

ಈ ಬಾಕಿ ಅಮೆರಿಕದ್ದು ಮಾತ್ರ ಅಂದುಕೊಳ್ಳಬೇಡಿ. 1873ರಲ್ಲಿ ಜೋತಿಬಾ ಫುಲೆ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮರನ್ನು ಬಿಡಿಸಿದ ಅಮೆರಿಕದ ಜನರಿಗೇ ಅರ್ಪಿಸಿದರು. ಆ ಕನ್ನಡಿಯಲ್ಲಿ ನಮ್ಮ ಮುಖ ಇದೆ ಅಂತ ಅವರಿಗೆ ಗೊತ್ತಿತ್ತು. ನಾವು ಯುದ್ಧವಿಲ್ಲದೆ, ಸಂವಿಧಾನದ 17ನೇ ವಿಧಿಯಿಂದ ಅಸ್ಪೃಶ್ಯತೆಯನ್ನೂ 23ನೇ ವಿಧಿಯಿಂದ ಬಿಟ್ಟಿ ಚಾಕರಿಯನ್ನೂ ರದ್ದು ಮಾಡಿದೆವು. 1976ರಲ್ಲಿ ಜೀತ ನಿಷೇಧದ ಕಾಯ್ದೆಯೂ ಬಂತು. ಇದು ಸಣ್ಣ ಸಾಧನೆಯಲ್ಲ. ಆದರೆ ಇದೇ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ, ಕ್ಷೌರದಂಗಡಿ ಮತ್ತು ಹೋಟೆಲ್ ಪ್ರವೇಶದ ಪ್ರಶ್ನೆ ಬೆಳೆದು, 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಆಮೇಲೆ ಹೈಕೋರ್ಟ್‌ನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಒಂದು ಕುರ್ಚಿ, ಒಂದು ಲೋಟ ಚಹಾ. ಅಷ್ಟನ್ನು ಬಿಟ್ಟುಕೊಡಲಾಗದೆ ಊರಿಗೆ ಊರೇ ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿತು.

ಇನ್ನೂ ಕಾಲ ಬಂದಿಲ್ಲ, ಜನ ಒಪ್ಪಲ್ಲ, ಊರಿನ ಸಾಮರಸ್ಯ ಕೆಡುತ್ತೆ ಅಂತ ನ್ಯಾಯವನ್ನು ಮುಂದೂಡುವವರು ಖರ್ಚು ಉಳಿಸಿದೆವು ಅಂದುಕೊಳ್ಳುತ್ತಾರೆ. ಡೆಲವೇರ್ ಕೂಡ ಹಾಗೇ ಅಂದುಕೊಂಡಿತ್ತು. ಅಲ್ಲಿಯ ಗುಲಾಮರು ಬಿಡುಗಡೆಯಾದದ್ದು 1865ರ ಡಿಸೆಂಬರ್‌ನಲ್ಲಿ, ಹದಿಮೂರನೇ ತಿದ್ದುಪಡಿ ಜಾರಿಗೆ ಬಂದಾಗ. ಮಾಲೀಕರಿಗೆ ಆಗ ಒಂದು ಡಾಲರೂ ಸಿಗಲಿಲ್ಲ. ಅರ್ಧ ದಿನದ ಖರ್ಚಲ್ಲಿ ಮುಗಿಯಬಹುದಾಗಿದ್ದ ಕೆಲಸವದು.