ಸುರಪುರದ ಟೇಲರ್ ಸಾಹೇಬ ಮತ್ತು ಅವನ ಠಕ್ಕರು

ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆಸಿದ ಶಿಲಾಗೋರಿಗಳ ಬಗ್ಗೆ ಓದ್ತಾ ಹೋದ್ರೆ, ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಸುರಪುರ ಸೀಮೆಯಲ್ಲಿ ಅಂಥ ಗೋರಿಗಳನ್ನ ಅಗೆದು ಬರೆದಿಟ್ಟ ಫಿಲಿಪ್ ಮೆಡೋಸ್ ಟೇಲರ್ ಸಿಗ್ತಾನೆ. ನನಗೆ ಸಿಕ್ಕಿದ್ದೂ ಹಾಗೇ.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 15ಕ್ಕೇ ಮುಂಬೈಗೆ ಬಂದು, ನಿಜಾಮನ ಪಡೆ ಸೇರಿದ. ರಜೆ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ, ಅವನ ಕನ್‌ಫೆಷನ್ಸ್ ಆಫ್ ಎ ಠಗ್ ಕಾದಂಬರಿ ಮೂರು ಸಂಪುಟಗಳಲ್ಲಿ ಬಂತು. ವಿಕ್ಟೋರಿಯಾ ರಾಣಿಗೆ ತಡೆಯಲಾಗದೆ ಕರಡಚ್ಚನ್ನೇ ತರಿಸಿಕೊಂಡಳಂತೆ.

ಓದಬೇಕಾದ ಪುಸ್ತಕವೇ, ಆದರೆ ಹುಷಾರಾಗಿ. ಅಮೀರ್ ಅಲಿ ಎಂಬ ಕೊಲೆಗಡುಕ ಸಾಹೇಬನ ಮುಂದೆ ಕೂತು ತಪ್ಪೊಪ್ಪಿಕೊಳ್ತಾನೆ. ಬಾಯಿ ಅವನದು, ಲೇಖನಿ ಟೇಲರನದು. 1836ರ ಕಾಯ್ದೆ ಪ್ರಕಾರ ಠಕ್ಕರ ಗುಂಪಿನವನು ಅಂತಾದರೆ ಸಾಕು, ಜೀವಾವಧಿ. ಹುಟ್ಟಿನಿಂದಲೇ ಅಪರಾಧಿ ಅನ್ನೋ ಆ ನಂಬಿಕೆಯೇ 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆಯಾಯ್ತು. ಅದು ತೊಲಗಿದ್ದು 1952ರಲ್ಲಿ. ಕಾದಂಬರಿಗೆ ಮಾತ್ರ ಸಾವಿಲ್ಲ, 1998ರಲ್ಲಿ ಆಕ್ಸ್‌ಫರ್ಡಿನ ಕ್ಲಾಸಿಕ್ ಮಾಲೆಗೂ ಸೇರಿತು.

ಇದೇ ಟೇಲರ್ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ. ಬಾಲಕ ದೊರೆ ವೆಂಕಟಪ್ಪ ನಾಯಕರು ಅವನನ್ನ ಅಪ್ಪಾ ಅಂತಿದ್ದರು. ಚಳ್ಳಕೆರೆ ಸೀಮೆಯ ನಾಯಕರ ಹಟ್ಟಿಗಳಲ್ಲಿ ಬೆಳೆದ ನಮ್ಮಂಥವರಿಗೆ ಶಾಲೆಯಲ್ಲಿ ಈ ಕಥೆ ಯಾರೂ ಹೇಳಲಿಲ್ಲ, ಇರ್ಲಿ. 1858ರಲ್ಲಿ ದೊರೆ ಬ್ರಿಟಿಷರ ವಿರುದ್ಧ ಎದ್ದರು, ಸೆರೆಯಾದರು. ಟೇಲರ್ ಅಲ್ಲಿಗೂ ಹೋಗಿ ನೋಡಿದ. ಕಾವಲಿನಲ್ಲಿದ್ದಾಗಲೇ ಗುಂಡು ತಗುಲಿ ದೊರೆ ಸತ್ತರು.

ಆಮೇಲೆ ಅವನು ತಾರಾ, ಸೀತಾ ಕಾದಂಬರಿ ಬರೆದ. 1876ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ವೆಂಕಟಪ್ಪ ನಾಯಕರ ಕೊನೆಯನ್ನ ಬರೆದಿದ್ದು ಆತ್ಮಕಥೆಯಲ್ಲಿ. ಅದು ಅಚ್ಚಾಗಿದ್ದು ಅವನು ಸತ್ತ ಮರುವರ್ಷ.