ವೈದ್ಯರಿಗೆ ಕೊಟ್ಟ ಕಂಚಿನ ಕಾಣಿಕೆ

ನಿಮ್ಮ ಮನೆ ಚಾಮರಾಜಪೇಟೆಯಲ್ಲಿರಲಿ, ಮಲ್ಲೇಶ್ವರದಲ್ಲಿರಲಿ, ಪೀಠದ ಮೇಲೆ ಜಪಸರದ ಪಕ್ಕ ಮಾತೆ ಮರಿಯಮ್ಮನವರ ಸಣ್ಣ ಲೋಹದ ಪದಕವೊಂದು ಇದ್ದೀತು. ಅಜ್ಜಿಯ ಕಾಲದಿಂದ ಮುಟ್ಟಿ ಮುಟ್ಟಿ ಅದು ಸವೆದೂ ಇರಬಹುದು. ಮನೆಯ ಪ್ರಾರ್ಥನೆಗೆಂದು ಲೋಹದಲ್ಲಿ ಉಬ್ಬುಚಿತ್ರ ಎರಕ ಹೊಯ್ಯುವ ಕಲೆ ಇಟಲಿಯಲ್ಲಿ ಅರಳಿದ್ದು 15ನೇ ಶತಮಾನದಲ್ಲಿ. ಆ ಕಾಲದ ಮಹಾಶಿಲ್ಪಿ ದೊನಾತೆಲ್ಲೊ.

ಅವರು ಸುಮಾರು 1386ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಉಣ್ಣೆ ಕೆಲಸದವರೊಬ್ಬರ ಮಗನಾಗಿ ಹುಟ್ಟಿದರು. ಹಣದ ಮೇಲೆ ಆಸೆಯಿರಲಿಲ್ಲವಂತೆ. ದುಡ್ಡನ್ನು ಬುಟ್ಟಿಯಲ್ಲಿಟ್ಟು ಸೂರಿಗೆ ತೂಗುಹಾಕಿರುತ್ತಿದ್ದರು, ಬೇಕಾದ ಕೆಲಸಗಾರರು ಕೇಳದೆಯೇ ತೆಗೆದುಕೊಳ್ಳಬಹುದಿತ್ತು ಎಂದು ವಸಾರಿ ಬರೆದಿದ್ದಾರೆ. 1443ರಲ್ಲಿ ಪಾದುವಕ್ಕೆ ಹೋದರು. ನಾವು ದೋರ್ನಹಳ್ಳಿಗೆ ಹೋಗಿ ಮೊರೆಯಿಡುವ ಸಂತ ಅಂತೋಣಿಯವರ ಸಮಾಧಿ ಇರುವುದು ಅಲ್ಲಿಯೇ. ಆ ದೇವಾಲಯದ ಪೀಠಕ್ಕೆ ಸಂತರ ಅದ್ಭುತಗಳನ್ನು ಕಂಚಿನಲ್ಲಿ ಮೂಡಿಸಿದವರು ದೊನಾತೆಲ್ಲೊ. ಪರಮಪ್ರಸಾದದ ಮುಂದೆ ಹೇಸರಗತ್ತೆ ಮಂಡಿಯೂರುವ ದೃಶ್ಯ ಅವುಗಳಲ್ಲೊಂದು.

ಫ್ಲಾರೆನ್ಸಿಗೆ ಮರಳಿದಾಗ ವಯಸ್ಸು ಎಪ್ಪತ್ತರ ಹತ್ತಿರ. ಕಾಯಿಲೆ ಬಿದ್ದರು. ಜೊವಾನ್ನಿ ಕೆಲ್ಲೀನಿ ಎಂಬ ವೈದ್ಯರು ಚಿಕಿತ್ಸೆ ಮಾಡಿದರು. 1456ರ ಆಗಸ್ಟ್ 27ರಂದು ದೊನಾತೆಲ್ಲೊ ಅವರಿಗೆ ಕೃತಜ್ಞತೆಯಿಂದ ಒಂದು ಕಾಣಿಕೆ ಕೊಟ್ಟರು. ವೈದ್ಯರು ಅದನ್ನು ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದಲೇ ಇಂದು ನಮಗೆ ಈ ಸಂಗತಿ ಗೊತ್ತು.

ಅದೊಂದು ಗುಂಡನೆಯ ಕಂಚಿನ ಫಲಕ. ಅಡ್ಡಳತೆ 28.5 ಸೆಂ.ಮೀ., ಹೆಚ್ಚುಕಡಿಮೆ ನಮ್ಮ ಊಟದ ತಟ್ಟೆಯಷ್ಟು. ನಡುವೆ ಬಾಲಯೇಸುವನ್ನು ಅಪ್ಪಿಕೊಂಡ ದೇವಮಾತೆ, ಸುತ್ತ ದೇವದೂತರು. ಆದರೆ ಇದನ್ನು ತಿರುಗಿಸಿ ನೋಡಬೇಕು! ಹಿಂಭಾಗದಲ್ಲಿ ಅದೇ ಚಿತ್ರ ಒಳಗುಳಿಯಾಗಿ, ಅಚ್ಚಿನಂತಿದೆ. ಕರಗಿದ ಗಾಜನ್ನು ಅದರೊಳಗೆ ಹೊಯ್ದರೆ ಮುಂಭಾಗದ ದೇವಮಾತೆಯೇ ಗಾಜಿನಲ್ಲಿ ಮೂಡಿಬರುತ್ತಾಳೆ. ನನಗಂತೂ ಮುಂಭಾಗಕ್ಕಿಂತ ಈ ಹಿಂಭಾಗವೇ ಹೆಚ್ಚು ಪ್ರಿಯ. ಹಾಸಿಗೆ ಹಿಡಿದ ಮುದುಕರು ವೈದ್ಯರೊಬ್ಬರಿಗೆ ಕೊಟ್ಟದ್ದು ಎಷ್ಟೋ ಮನೆಗಳಿಗೆ ಸಾಕಾಗುವಷ್ಟು.

ದೊನಾತೆಲ್ಲೊ ಮತ್ತೆ ಹತ್ತು ವರ್ಷ ಬದುಕಿ, ಕೊನೆಗಾಲದಲ್ಲಿ ಪ್ರಭುವಿನ ಯಾತನೆಯನ್ನು ಕಂಚಿನಲ್ಲಿ ರೂಪಿಸುತ್ತ, 1466ರ ಡಿಸೆಂಬರ್ 13ರಂದು ತೀರಿಕೊಂಡರು. ಅವರ ದೇವಮಾತೆಯ ಚಿತ್ರಗಳನ್ನು ಅನುಸರಿಸಿ ಇತರರು ಅಂಗೈಯಗಲದ ಕಂಚಿನ ಫಲಕಗಳನ್ನು ಮಾಡಿದರು. ಅವು ಸಾಮಾನ್ಯರ ಮನೆಗೂ ಬಂದವು.

ವೈದ್ಯರ ಫಲಕ 1976ರಿಂದ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ 1456ರಲ್ಲಿ ಅಂತೋನಿಯೊ ರೊಸೆಲ್ಲೀನೊ ಅಮೃತಶಿಲೆಯಲ್ಲಿ ಕಡೆದ ಕೆಲ್ಲೀನಿಯವರ ಎದೆಮಟ್ಟದ ಪ್ರತಿಮೆಯೂ ಅಲ್ಲಿಯೇ ಇದೆ. ಸುಕ್ಕುಗಟ್ಟಿದ ಕೆನ್ನೆ, ಬಿಗಿದ ತುಟಿ, ರೋಗಿಯನ್ನು ನೋಡುತ್ತಿರುವಂತಹ ಕಣ್ಣು.